ಊರಮ್ಮ ಗುಳಿಗೆ ನುಂಗಿದಳು

ನನಗೆ ಟಿಬಿ ಇದೆ ಎಂದು ಗೊತ್ತಾಗುವ ಮೊದಲು ಕೆಲವು ದಿನ ನಾನು ದೇವರಾಗಿದ್ದೆ. ಇದನ್ನು ಹೇಳಿದರೆ ಜನ ನಗುತ್ತಾರೆ, ನಗಲಿ. ಆಗ ನಗುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ, ನನ್ನ ಮುಂದೆ ಕೈಮುಗಿದು ನಿಂತವರೂ ಇರಲಿಲ್ಲ. ಈಗ ಸಿಂಧನೂರಿನ ಒಂದು ಬಾಡಿಗೆ ಖೋಲಿಯಲ್ಲಿ, ರೊಟ್ಟಿ ಬಡಿದು ಕೈ ತೊಳೆದುಕೊಂಡು, ಇದನ್ನು ಬರೆಯುತ್ತಿದ್ದೇನೆ. ಟಿಬಿ ಎಂದರೇನು, ಹೇಗೆ ಬರುತ್ತದೆ ಎಂಬುದನ್ನೆಲ್ಲ ದವಾಖಾನೆಯ ಗೋಡೆಯ ಮೇಲೆ ಬರೆದಿರುತ್ತಾರೆ. ಮನೆಯಿಲ್ಲದವಳಿಗೆ ಅದು ಬಂದರೆ ಏನಾಗುತ್ತದೆ ಎಂದು ನಾನು ಯಾವ ಗೋಡೆಯ ಮೇಲೂ ಓದಿಲ್ಲ. ಅದಕ್ಕೇ ಬರೆಯಲು ಕೂತೆ.

ನನ್ನ ಹೆಸರು ಶರಣಮ್ಮ. ತವರು ಗುರುಗುಂಟಾ, ಓದಿದ್ದು ಹತ್ತನೇ ತನಕ. ಗಂಡ ಗುಳೆ ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಅವನ ಸುದ್ದಿ ಇಲ್ಲಿಗೆ ಸಾಕು. ನಾನು ಸಿಂಧನೂರಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾ, ಅದರ ಹಿಂದಿನ ಹಿಟ್ಟಿನ ಕೋಣೆಯಲ್ಲೇ ಮಲಗುತ್ತಾ ಬಹಳ ವರ್ಷ ಕಳೆದೆ. ಒಂದು ದಿನ ಖಾನಾವಳಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂತು. ಕೆಲಸ ಹೋದದ್ದಕ್ಕಿಂತ ಆ ಹಿಟ್ಟಿನ ಕೋಣೆ ಹೋದದ್ದು ನನ್ನನ್ನು ಬೀದಿಗೆ ತಂದಿತು.

ಅಲ್ಲಿಂದ ಬಸ್ ಸ್ಟ್ಯಾಂಡುಗಳೇ ಮನೆ. ಹೆಂಗಸರಿಗೆ ಬಸ್ಸು ಫ್ರೀ ಆದದ್ದು ನನ್ನಂಥವಳಿಗೆ ತಿರುಗಾಡುವ ಮನೆಯನ್ನೇ ಕೊಟ್ಟಂತಾಗಿತ್ತು. ಸಿಂಧನೂರಿನಲ್ಲಿ ಕಾವಲಿನವನು ಮುಖ ಗುರುತು ಹಿಡಿಯತೊಡಗಿದರೆ ಮಸ್ಕಿ, ಮಸ್ಕಿಯಲ್ಲಿ ಕುಡುಕರ ಕಾಟ ಹೆಚ್ಚಾದರೆ ಲಿಂಗಸುಗೂರು. ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬಸ್ಸಿನ ಬೋರ್ಡು ನೋಡುತ್ತಾ ಕೂತರೆ ಯಾರೂ ಎಬ್ಬಿಸುವುದಿಲ್ಲ, ಊರಿಗೆ ಹೊರಟವಳು ಅಂದುಕೊಳ್ಳುತ್ತಾರೆ. ಹೊರಟವಳಂತೆ ಕಾಣುವುದೇ ನನ್ನ ಕೆಲಸವಾಯಿತು. ಲಿಂಗಸುಗೂರಿನಲ್ಲಿ ಕಸ ಗುಡಿಸುವ ಇಬ್ಬರು ಹೆಂಗಸರು ನಾನು ಮಲಗಿದ ಮೂಲೆಯನ್ನು ಎಲ್ಲಕ್ಕಿಂತ ಕೊನೆಗೆ ಗುಡಿಸುತ್ತಿದ್ದರು. ನನ್ನ ಜೊತೆ ಒಂದು ಮಾತೂ ಆಡಿದವರಲ್ಲ. ಅವರು ಕೊಟ್ಟ ಆ ಒಂದಿಷ್ಟು ನಿದ್ದೆಯನ್ನು ನಾನು ಮರೆತಿಲ್ಲ.

ಕೆಮ್ಮು ಹಿಡಿದದ್ದು ಅಲ್ಲೇ. ಮೊದಮೊದಲು ಧೂಳು ಅಂದುಕೊಂಡೆ. ಆಮೇಲೆ ಸಂಜೆ ಜ್ವರ, ಬೆಳಗಿನ ಜಾವ ಮೈಯೆಲ್ಲ ಬೆವರು, ಸೀರೆ ಸಡಿಲವಾಗುವಷ್ಟು ಸೊರಗಿದ ಮೈ. ಒಂದು ದವಾಖಾನೆಗೆ ಹೋದೆ, ಯಾವ ಊರಿನದು ಎಂದು ಹೇಳುವುದು ಬೇಡ. ಮಧ್ಯಾಹ್ನದವರೆಗೆ ಪಾಳಿ ನಿಂತ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ನಾಳೆ ಬೆಳಿಗ್ಗೆ ಎದ್ದ ಕೂಡಲೇ ಇದರಲ್ಲಿ ಕಫ ಹಿಡಿದು ತರಬೇಕು ಅಂದರು. ಡಬ್ಬಿಯನ್ನು ತಲೆಯ ಪಕ್ಕ ಇಟ್ಟುಕೊಂಡು ಮಲಗಿದೆ. ಎದ್ದಾಗ ಇರಲಿಲ್ಲ. ಸುಣ್ಣ ತುಂಬಿಕೊಳ್ಳಲು ಚಲೋ ಡಬ್ಬಿ ಎಂದು ಯಾರೋ ಎತ್ತಿಕೊಂಡು ಹೋಗಿದ್ದರು.

ಮತ್ತೊಂದು ಡಬ್ಬಿಗೆ ಹೋದಾಗ ಕಿಟಕಿಯಲ್ಲಿದ್ದವನು ನನ್ನ ಆಧಾರ್ ಕಾರ್ಡ್ ತಿರುಗಿಸಿ ನೋಡಿದ. ಕೆಟ್ಟವನಲ್ಲ, ಅವನಿಗೆ ನಿಜವಾಗಿ ತಿಳಿಯಲಿಲ್ಲ.

"ಇದರಾಗ ಗುರುಗುಂಟಾ ಐತಲ್ಲವಾ. ಟಿಬಿ ಬಂದ್ರ ಗುಳಿಗಿ ನಿಮ್ಮ ಊರಾಗ ಕೊಡ್ತಾರ. ನೀ ಅಲ್ಲಿಗೇ ಹೋಗಬೇಕು."

"ನಾ ಅಲ್ಲಿ ಇರಂಗಿಲ್ರೀ."

"ಮತ್ತ ಎಲ್ಲಿ ಇರ್ತೀ?"

ಕಾರ್ಡ್ ವಾಪಸು ತೆಗೆದುಕೊಂಡು ಹೊರಗೆ ಬಂದೆ. ಗುರುಗುಂಟಾಕ್ಕೆ ಹೋಗಿಯೂ ನೋಡಿದೆ. ಕೆಮ್ಮು ಕೇಳಿ ತಮ್ಮನ ಹೆಂಡತಿ ನನ್ನ ತಾಟು ಬೇರೆ ಇಟ್ಟಳು. ಮನೆಯಲ್ಲಿ ಎಳೆಗೂಸಿತ್ತು, ಅವಳ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ನನ್ನ ಮುಖ ನೋಡದೆ, "ಅಕ್ಕಾ, ಆರಾಮಾದ ಮ್ಯಾಲ ಬಾ" ಅಂದ. ಆರಾಮಾಗುವುದಕ್ಕೆ ಎಲ್ಲಿಗೆ ಹೋಗಬೇಕು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ವಾಪಸಾದೆ.

ಆಷಾಢದಲ್ಲಿ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಯಿತು. ಸಿಂಧನೂರಿನಿಂದ ಹೆಂಗಸರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಾರೆ; ಸಸಿ ಹಚ್ಚುವ ಕೈಯಿದ್ದರೆ ಸಾಕು, ಎಲ್ಲಿ ಮಲಗುತ್ತೀ ಎಂದು ಯಾರೂ ಕೇಳುವುದಿಲ್ಲ. ತುರ್ವಿಹಾಳದ ಆಚೆ ಒಂದು ಊರಿಗೆ ಹೋದೆವು. ಹೊತ್ತು ಇಳಿಯುವುದರೊಳಗೆ ನನಗೆ ಜ್ವರ ಏರಿ ಗದ್ದೆಯ ನೀರೇ ಬಿಸಿ ಅನ್ನಿಸತೊಡಗಿತು. ವಾಪಸು ಹೋಗುವಾಗ ಟೆಂಪೋದಲ್ಲಿ ನನ್ನ ಪಕ್ಕ ಕೂರಲು ಯಾರೂ ಒಪ್ಪಲಿಲ್ಲ. ಮೇಸ್ತ್ರಿ ಹೆಂಗಸು, "ನೀ ಇಲ್ಲೇ ಇರು ಬೇ, ನಾಳಿ ಗಾಡಿ ಬರತೈತಿ" ಅಂದಳು. ಊರಮ್ಮನ ಗುಡಿಯ ಹಿಂದಿನ ಪಡಸಾಲೆಯಲ್ಲಿ ಚೀಲ ತಲೆಗಿಟ್ಟು ಬಿದ್ದುಕೊಂಡೆ.

ಮರುದಿನ ಗಾಡಿ ಬರಲಿಲ್ಲ. ಸಂಜೆ ಹಲಗೆ ಬಾರಿಸುತ್ತಾ ಒಬ್ಬ ಡಂಗುರ ಸಾರಿದ: "ನಾಳಿ ಹೊರಬೀಡು. ಹೊತ್ತು ಮೂಡೂದ್ರಾಗ ಮನಿ ಮನಿಯವರು, ದನ ಕರ, ಕೋಳಿ ಕುರಿ, ಎಲ್ಲಾ ಊರು ಬಿಡಬೇಕು. ಹೊತ್ತು ಮುಳುಗೂ ತನಕ ಯಾರೂ ಒಳಗ ಕಾಲಿಡಬಾರದು." ಊರಲ್ಲಿ ಜಡ್ಡು ಹೆಚ್ಚಾದಾಗ ನಮ್ಮ ಕಡೆ ಹೀಗೆ ಮಾಡುತ್ತಾರೆ. ಜನ ಒಂದು ಹಗಲು ಊರು ಖಾಲಿ ಮಾಡಿ ಹೊಲದಲ್ಲಿ ಅಡಿಗೆ ಮಾಡಿಕೊಂಡು ಇರುತ್ತಾರೆ. ಆ ಹೊತ್ತಿನಲ್ಲಿ ದೇವಿ ಬೀದಿ ಬೀದಿ ತಿರುಗಿ ರೋಗವನ್ನು ಗುಡಿಸಿಕೊಂಡು ಹೋಗುತ್ತಾಳೆ ಎಂದು ನಂಬಿಕೆ. ಒಳಗೆ ಯಾರಾದರೂ ಉಳಿದರೆ ಊರಿಗೇ ಕೇಡು. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಮನೆ ಮನೆಯವರು ಅಂದನಲ್ಲ, ನನಗೆ ಮನೆ ಎಲ್ಲಿದೆ ಎಂದು ಜ್ವರದ ತಲೆ ಲೆಕ್ಕ ಹಾಕಿತು. ಮಗ್ಗುಲಾದೆ.

ಕಣ್ಣು ಬಿಟ್ಟಾಗ ಬಿಸಿಲು ಬಿದ್ದಿತ್ತು. ಮೊದಲು ಗೊತ್ತಾದದ್ದು ಸದ್ದಿಲ್ಲದಿರುವುದು. ಕೋಳಿ ಇಲ್ಲ, ನಾಯಿ ಇಲ್ಲ, ಕೊಡದ ಸದ್ದಿಲ್ಲ. ಬಾಯಾರಿ ಎದ್ದು ಹೊರಗೆ ಬಂದೆ. ಓಣಿಯ ಎಲ್ಲ ಬಾಗಿಲಿಗೂ ಬೀಗ, ಬೀಗಕ್ಕೆ ಬೇವಿನ ಟೊಂಗೆ, ಹೊಸ್ತಿಲಿಗೆ ಬೂದಿಯ ಗೆರೆ. ಒಂದು ಅಂಗಳದಲ್ಲಿ ಮಗುವಿನ ತೊಟ್ಟಿಲು ಇನ್ನೂ ಸಣ್ಣಗೆ ತೂಗುತ್ತಿತ್ತು; ಗಾಳಿ ಇರಲಿಲ್ಲ. ನನ್ನ ಹೆಜ್ಜೆ ನನಗೇ ಕೇಳಿಸುತ್ತಿತ್ತು, ಅದು ಒಂದೊಂದು ಸಲ ನಾನು ನಿಂತ ಮೇಲೂ ಕೇಳಿಸಿತು. ಜ್ವರ ಎಂದು ಈಗ ಹೇಳುತ್ತೇನೆ. ಆಗ ಹಾಗೆ ಅನ್ನಿಸಲಿಲ್ಲ.

ಬೀಗ ಹಾಕಿದ ಒಂದು ಮನೆಯೊಳಗೆ ಮೊಬೈಲ್ ರಿಂಗಾಯಿತು. ಬಹಳ ಹೊತ್ತು ಹೊಡೆದುಕೊಂಡು ನಿಂತಿತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದ ಮನೆಯಲ್ಲಿ ರಿಂಗಾಯಿತು, ಆಮೇಲೆ ಎದುರು ಮನೆಯಲ್ಲಿ. ಯಾರೋ ಆ ಊರಿನಲ್ಲಿ ಯಾರಾದರೂ ಉಳಿದಿದ್ದಾರೆಯೇ ಎಂದು ಮನೆ ಮನೆಯಲ್ಲೂ ವಿಚಾರಿಸುತ್ತಿದ್ದ ಹಾಗಿತ್ತು. ಹೆದರಿ ನಳದ ಕಡೆ ಓಡಿದೆ. ನೀರು ಕುಡಿದೆ, ತಲೆಯ ಮೇಲೂ ಸುರಿದುಕೊಂಡೆ. ಅದೇ ತಪ್ಪಾಯಿತು. ನಡುಕ ಹುಟ್ಟಿ ಹಲ್ಲು ಕಟಕಟ ಅನ್ನತೊಡಗಿದವು. ಗುಡಿಗೆ ಬಂದರೆ ಗರ್ಭಗುಡಿಯ ಮುಂದೆ ದೇವಿಗೆ ಏರಿಸಿದ ಹಸಿರು ಸೀರೆ ಮಡಿಚಿ ಇಟ್ಟಿತ್ತು. ನನ್ನ ಒದ್ದೆ ಸೀರೆ ಬಿಚ್ಚಿಟ್ಟು ಅದನ್ನು ಸುತ್ತಿಕೊಂಡೆ. ಹೊಸ್ತಿಲ ಮೇಲೆ ಬಿಸಿಲಿಗೆ ಕೂತೆ. ಕೆಮ್ಮು ಬಂತು, ಕೆಮ್ಮಿನ ಜೊತೆ ಬಾಯಿಗೆ ಬೆಚ್ಚಗೆ ಏನೋ ಬಂತು. ಒರೆಸಿಕೊಂಡ ಕೈ ಕೆಂಪಗಿತ್ತು. ಏಳಲು ಆಗಲಿಲ್ಲ.

ಹೊತ್ತು ಮುಳುಗುವಾಗ ಅವರು ಬಂದರು. ಮುಂದೆ ಹಲಗೆ, ಹಿಂದೆ ಟ್ರ್ಯಾಕ್ಟರು, ಬಂಡಿ, ದನ, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು. ಗುಡಿಯ ಮುಂದೆ ಬಂದದ್ದೇ ಹಲಗೆ ನಿಂತಿತು. ಬಿಚ್ಚಿದ ಒದ್ದೆ ಕೂದಲು, ದೇವಿಯ ಸೀರೆ, ಕೆಂಪಾದ ಬಾಯಿ. ಅವರು ಏನು ಕಂಡರು ಎಂದು ಈಗ ನನಗೆ ಗೊತ್ತಿದೆ. ಆಗ ನನಗೆ ಕಂಡದ್ದು ಮುಂದಿದ್ದ ಗಂಡಸರ ಕೈಯಲ್ಲಿನ ಕೋಲುಗಳು ಮಾತ್ರ. ಈಗ ಹೊಡೆಯುತ್ತಾರೆ ಅಂದುಕೊಂಡೆ.

ಗುಂಪಿನಿಂದ ಒಬ್ಬ ಮುದುಕಿ ದಡದಡ ಬಂದು ನನ್ನ ಕಾಲ ಮೇಲೆ ಬಿದ್ದಳು. ಸೆರಗಿನಿಂದ ನನ್ನ ಎರಡೂ ಪಾದ ಒರೆಸಿ, "ನಮ್ಮವ್ವ ಬಂದಾಳ, ಊರಮ್ಮ ಕಣ್ಣಿಗೆ ಕಂಡಾಳ" ಅಂದಳು. ಅವಳೇ ಯಂಕಮ್ಮ. ಪೂಜಾರಿ ಒಂದು ಗಳಿಗೆ ಅನುಮಾನಿಸಿದ. ಆಮೇಲೆ ಅವನೂ, "ಅಮ್ಮನ ಸೀರಿ ಅಮ್ಮ ಉಟ್ಟಾಳ" ಎಂದು ಕೈ ಮುಗಿದ. ಕೋಲುಗಳು ಕೆಳಗಿಳಿದವು. ನಾನು ಅಲ್ಲ ಅನ್ನಲು ಬಾಯಿ ತೆರೆದರೆ ಬಂದದ್ದು ಮತ್ತೆ ಕೆಮ್ಮು. ಜನ ಎರಡು ಹೆಜ್ಜೆ ಹಿಂದೆ ಸರಿದರು.

ಹೀಗೆ ನನಗೆ ಸೂರು ಸಿಕ್ಕಿತು. ಗುಡಿಯ ಪಕ್ಕದ ಕೋಣೆ, ಚಾಪೆ, ಕೌದಿ. ಹೊತ್ತು ಹೊತ್ತಿಗೆ ಮೊಸರನ್ನ, ತುಪ್ಪ ಹಾಕಿದ ಹೋಳಿಗೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಚೀಲವನ್ನು ಕಾಲಿನಿಂದ ಸರಿಸುತ್ತಿದ್ದರು. ಇಲ್ಲಿ ನಾನು ಉಂಡ ಎಲೆಯನ್ನು ಕಣ್ಣಿಗೆ ಒತ್ತಿಕೊಂಡರು. ದೇವಿಗೆ ಜಾತಿ ಕೇಳುವವರಿಲ್ಲ, ಆಧಾರ್ ಕೇಳುವವರಿಲ್ಲ. ಹೆಸರು ಕೇಳುವವರೂ ಇಲ್ಲ ಎನ್ನುವುದು ಮಾತ್ರ ಒಂದೆರಡು ದಿನದಲ್ಲಿ ನನ್ನನ್ನು ಹೆದರಿಸತೊಡಗಿತು. ಮಾತಾಡಿದರೆ ಯಾರೂ ಉತ್ತರ ಕೊಡುತ್ತಿರಲಿಲ್ಲ, ತಲೆ ಬಾಗಿಸುತ್ತಿದ್ದರು. "ನೀರು ಕೊಡ್ರವ್ವಾ" ಅಂದರೆ ಅದರ ಅರ್ಥವೇನು ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿದ್ದರು. ಬಳೆ ಕುಂಕುಮದ ಜೊತೆ ಯಾರೋ ಒಂದು ಸಣ್ಣ ಕನ್ನಡಿ ಇಟ್ಟು ಹೋಗಿದ್ದರು. ಅದರಲ್ಲಿ ನೋಡಿಕೊಂಡಾಗ ಗುಳಿಬಿದ್ದ ಕಣ್ಣಿನ ಆ ಮುಖ ನನ್ನದು ಅನ್ನಿಸಲಿಲ್ಲ. ಇಷ್ಟು ಜನ ಒಟ್ಟಿಗೆ ತಪ್ಪು ನೋಡುತ್ತಾರೆಯೇ, ನಾನೇ ನನ್ನನ್ನು ತಪ್ಪು ತಿಳಿದಿದ್ದೇನೆಯೇ ಎಂದು ಜ್ವರದಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ.

ಎಲ್ಲಕ್ಕಿಂತ ಭಯವಾದದ್ದು ಕೂಸುಗಳನ್ನು ತಂದಾಗ. ತಾಯಂದಿರು ಉಡಿಯಲ್ಲಿ ಹಾಕಲು ಬರುತ್ತಿದ್ದರು. ನನ್ನ ಕೆಮ್ಮು ಎಂಥದೋ ನನಗೆ ಖಾತ್ರಿ ಇರಲಿಲ್ಲ, ಆದರೆ ತಮ್ಮನ ಮನೆಯ ಕೂಸು ನೆನಪಾಗುತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತೆ. ಅಮ್ಮ ಮುನಿದಿದ್ದಾಳೆ ಎಂದು ಅಳುತ್ತಾ ಹೋದರು.

ನಾಗರತ್ನ ಬಂದದ್ದು ಆಗ. ಅದೇ ಊರಿನ ಸೊಸೆ, ಆಶಾ ಕಾರ್ಯಕರ್ತೆ. ಕೆಮ್ಮು ಇದ್ದವರನ್ನು ಮನೆ ಮನೆಗೆ ಹೋಗಿ ವಿಚಾರಿಸುವ ಕೆಲಸ ಅವಳಿಗೆ ಬಂದಿತ್ತು. ಮೊದಲು ಹೊಸ್ತಿಲಿಗೆ ಹಣೆ ಹಚ್ಚಿದಳು. ಆಮೇಲೆ ದೂರದಲ್ಲೇ ಕೂತು, ನೆಲ ನೋಡುತ್ತಾ ಕೇಳಿದಳು.

"ತಪ್ಪು ತಿಳೀಬ್ಯಾಡ ತಾಯೀ. ನಿನಗ ಕೆಮ್ಮು ಎಷ್ಟು ದಿನದಿಂದ ಐತಿ?"

ನನಗೆ ನಗು ಬಂತು, ನಗುವಿಗೆ ಕೆಮ್ಮು ಬಂತು. "ಭಾಳ ದಿನ ಆತವ್ವಾ" ಅಂದೆ.

ಅವಳು ಬೆಚ್ಚಿ ತಲೆ ಎತ್ತಿದಳು. ಅಷ್ಟು ದಿನದಲ್ಲಿ ಒಬ್ಬರು ನನ್ನ ಮುಖವನ್ನು ನೇರ ನೋಡಿದ್ದು ಅದೇ ಮೊದಲು. ಚೀಲದಿಂದ ಡಬ್ಬಿ ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು, ಪ್ರಸಾದ ಬೇಡುವವಳಂತೆ. "ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ" ಅಂದಳು. ಗುಡಿಯಲ್ಲಿ ಇಟ್ಟ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ಫಲಿತಾಂಶದ ದಿನ ಅವಳು ಬಂದು ಬಾಗಿಲು ಮುಂದೆ ಮಾಡಿದಳು. "ಐತ್ರೀ" ಅಂದಳು.

"ಏನೈತಿ?"

"ಟಿಬಿ ಐತ್ರೀ ಅಮ್ಮಾ. ಗುಳಿಗಿ ಚಾಲೂ ಮಾಡಬೇಕು. ಹೆಸರು ಏನಂತ ಹಚ್ಚಲಿ?"

"ಶರಣಮ್ಮ ಅಂತ ಹಚ್ಚು. ಸಿಂಧನೂರಾಗ ರೊಟ್ಟಿ ಬಡೀತಿದ್ದೆ."

ನಾಗರತ್ನ ಹೆಸರು ಬರೆದುಕೊಂಡಳು. ಆಮೇಲೆ ಹತ್ತಿರ ಬಂದು, ಮೂಗು ಬಾಯಿ ಕಟ್ಟಿಕೊಂಡು, ನನ್ನ ಕೈ ಹಿಡಿದು ನಾಡಿ ನೋಡಿದಳು. ನಾಡಿ ನೋಡುವುದು ಅವಳಿಗೆ ಅಷ್ಟೇನೂ ಬರುತ್ತಿರಲಿಲ್ಲ ಎಂದು ಆಮೇಲೆ ಅವಳೇ ಹೇಳಿದ್ದಾಳೆ. ಮನುಷ್ಯಳು ಹೌದೋ ಅಲ್ಲವೋ ನೋಡಿದೆ ಅಂದಳು. ಅವತ್ತಿನಿಂದ ನಾವಿಬ್ಬರೇ ಇದ್ದಾಗ ನನ್ನನ್ನು ಅಕ್ಕಾ ಅನ್ನತೊಡಗಿದಳು.

ಆದರೆ ಗುಳಿಗೆಯನ್ನು ಕದ್ದೇ ಕೊಡಬೇಕಾಗಿತ್ತು. ಅಮ್ಮ ಬಂದ ಮೈಗೆ ಸೂಜಿ, ಗುಳಿಗೆ ಮುಟ್ಟಿಸಬಾರದು ಎನ್ನುವುದು ನಮ್ಮ ಕಡೆಯ ಕಟ್ಟುಪಾಡು. ಮುಟ್ಟಿಸಿದರೆ ಅಮ್ಮ ಹೋಗುತ್ತಾಳೆ. ಅಮ್ಮ ಹೋದರೆ ಆ ಕೋಣೆಯಲ್ಲಿ ಉಳಿಯುವವಳು ದೇವಿಯ ಸೀರೆ ಉಟ್ಟು ಹೊರಬೀಡು ಕೆಡಿಸಿದ ಬೀದಿಯ ಹೆಂಗಸು. "ಆರು ತಿಂಗಳು ಬಿಡದಂಗ ನುಂಗಬೇಕಕ್ಕಾ. ನಿನ್ನ ಇಲ್ಲಿಂದ ಹೊರಗ ಹಾಕಿದ್ರ ನಾ ಎಲ್ಲಿ ಅಂತ ಹುಡುಕ್ಲಿ?" ಅಂದಳು ನಾಗರತ್ನ. ಸೂರು ಬೇಕೆಂದರೆ ದೇವರಾಗಿರಬೇಕು, ಬದುಕಬೇಕೆಂದರೆ ಗುಳಿಗೆ ನುಂಗಬೇಕು. ಎರಡೂ ಬೇಕಾಗಿತ್ತು ನನಗೆ. ಅವಳು ದಿನಾ ಬೆಳಿಗ್ಗೆ ಬಾಳೆ ಎಲೆಯಲ್ಲಿ ಹೂವು ತರುತ್ತಿದ್ದಳು, ಹೂವಿನ ಕೆಳಗೆ ಗುಳಿಗೆ ಇರುತ್ತಿದ್ದವು.

ಆ ಗುಳಿಗೆಗಳ ಒಂದು ಗುಣ ನನಗೆ ಗೊತ್ತಿರಲಿಲ್ಲ. ನಾಗರತ್ನ ಹೇಳಲು ಮರೆತಿದ್ದಳು. ಉಚ್ಚೆ ಕೆಂಪಗಾಯಿತು, ಬೆವರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಸಾಯುತ್ತಿದ್ದೇನೆ ಅಂದುಕೊಂಡೆ. ಒಂದು ಮಧ್ಯಾಹ್ನ ಯಂಕಮ್ಮ ನನ್ನ ತಲೆ ಬಾಚುತ್ತಿದ್ದಳು. ತಾಯಿ ಸತ್ತ ಮೇಲೆ ಯಾರೂ ನನ್ನ ತಲೆಗೆ ಕೈ ಹಚ್ಚಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅವಳು ಒಂದು ಬಿಳಿ ಅರಿವೆಯಿಂದ ಒರೆಸಿದಳು. ಅರಿವೆಯ ಮೇಲೆ ಕೆಂಪು ಕಲೆ ಬಿತ್ತು. ಯಂಕಮ್ಮನ ಕೈಯಿಂದ ಬಾಚಣಿಗೆ ಜಾರಿತು. ಅವಳು ಆ ಅರಿವೆಯನ್ನು ಮಡಿಚಿ ಎದೆಗೆ ಒತ್ತಿಕೊಂಡು, ನನಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆಯುತ್ತಾ ಹೊರಟುಹೋದಳು.

ಸಂಜೆಯೊಳಗೆ ಸುದ್ದಿ ಮಸ್ಕಿ ಮುಟ್ಟಿತ್ತು. ದೇವಿ ರಕ್ತದ ಕಣ್ಣೀರು ಸುರಿಸುತ್ತಾಳಂತೆ. ಮುಕ್ಕುಂದದಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದರು. ನನ್ನನ್ನು ಮನುಷ್ಯಳಾಗಿ ಉಳಿಸುವ ಔಷಧವೇ ನನ್ನನ್ನು ಇನ್ನಷ್ಟು ದೇವರಾಗಿ ಮಾಡಿತು. ಕೂದಲು ನಿಮಿರುವ ಮಾತು ಇದು, ನಾಗರತ್ನ ಮಾತ್ರ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಗುತ್ತಿದ್ದಳು.

ಮರುದಿನ ಅವಳ ನಗು ನಿಂತಿತ್ತು. ಯಂಕಮ್ಮನ ಸೊಸೆ ಲಕ್ಷ್ಮಿಗೂ ಬಹಳ ದಿನದಿಂದ ಕೆಮ್ಮು, ಕಫದಲ್ಲಿ ರಕ್ತ. ನಾಗರತ್ನ ಹೇಗೋ ಒಪ್ಪಿಸಿ ಸಿಂಧನೂರಿಗೆ ಕರೆದೊಯ್ಯಲು ದಿನ ಗೊತ್ತು ಮಾಡಿದ್ದಳು. ಈಗ ಯಂಕಮ್ಮ ಬೇಡವೇ ಬೇಡ ಅಂದಿದ್ದಳು. ಮನೆಯ ಬಾಗಿಲಿಗೇ ಅಮ್ಮ ಬಂದಿರುವಾಗ ದವಾಖಾನೆ ಯಾಕೆ?

"ಆಕಿ ಉಳಿಯಂಗಿಲ್ಲಕ್ಕಾ" ಅಂದಳು ನಾಗರತ್ನ. "ನೀ ದಿನಾ ಆರಾಮ ಆಗಾಕತ್ತೀ. ಆಕಿ ನಿನ್ನ ನೋಡಿಕೋತ ಸಾಯಾಕತ್ತಾಳ."

ಅವಳು ಬೈಯಲಿಲ್ಲ, ಇದ್ದದ್ದನ್ನು ಹೇಳಿದಳು. ಆ ದಿನ ಬಂದ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದೆ. ಕೋಣೆಯ ನಾಲ್ಕು ಗೋಡೆಯನ್ನು ಸರಿಯಾಗಿ ನೋಡಿಕೊಂಡೆ. ಬಿಟ್ಟು ಹೋಗಲು ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ.

ಮಂಗಳವಾರ ದೇವಿಯ ವಾರ. ಗುಡಿಯ ಮುಂದೆ ಹೆಂಗಸರು ತುಂಬಿದ್ದರು. ಲಕ್ಷ್ಮಿ ಕಂಬಕ್ಕೆ ಒರಗಿ ಕೂತಿದ್ದಳು, ಇಪ್ಪತ್ತು ದಾಟಿದ ಹುಡುಗಿ, ತೋಳು ಜೋಳದ ದಂಟಿನಷ್ಟಾಗಿತ್ತು. ನಾಗರತ್ನ ಹೂವಿನ ಎಲೆ ಇಟ್ಟಳು. ನಾನು ಹೂವು ಪಕ್ಕಕ್ಕೆ ಸರಿಸಿ, ಗುಳಿಗೆಗಳನ್ನು ಅಂಗೈಯಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದೆ. ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

"ನಾ ಊರಮ್ಮ ಅಲ್ಲ. ನನ್ನ ಹೆಸರು ಶರಣಮ್ಮ. ನಿಮ್ಮ ಗದ್ದ್ಯಾಗ ನಾಟಿ ಹಚ್ಚಾಕ ಬಂದಿದ್ದೆ. ನನಗ ಟಿಬಿ ಐತಿ. ಕಣ್ಣೀರು ಕೆಂಪಾಗಿದ್ದು ಈ ಗುಳಿಗಿಗೆ. ನಿಮ್ಮ ಕೂಸುಗಳನ್ನ ನನ್ನ ಹತ್ರ ತರಬ್ಯಾಡ್ರಿ."

ಹಿಂದಿನಿಂದ ಒಂದು ದನಿ ಮೆಲ್ಲಗೆ, "ಅಮ್ಮ ನಮ್ಮನ್ನ ಪರೀಕ್ಷೆ ಮಾಡಾಕತ್ತಾಳ" ಅಂದಿತು. ಇನ್ನೊಂದು ದನಿ, "ಶರಣಮ್ಮ ಅಂತ ಹೆಸರಿಟ್ಟುಕೊಂಡು ಬಂದಾಳ" ಅಂದಿತು. ಎಲ್ಲರೂ ಒಟ್ಟಿಗೆ ತಲೆ ಬಾಗಿಸಿದರು. ನನ್ನ ತಾಯಿಯ ಹೆಸರು ಹೇಳಿದೆ, ತಮ್ಮನ ಹೆಸರು ಹೇಳಿದೆ, ಖಾನಾವಳಿ ಇದ್ದ ಓಣಿ ಹೇಳಿದೆ. ಹೇಳಿದಷ್ಟೂ ತಲೆಗಳು ಇನ್ನೂ ಕೆಳಗೆ ಹೋದವು. ಅಷ್ಟು ಜನರ ನಡುವೆ ನನ್ನ ಮಾತು ಯಾರ ಕಿವಿಗೂ ಹೋಗುತ್ತಿರಲಿಲ್ಲ. ನಾನು ಸತ್ತು ಬಹಳ ದಿನವಾಗಿದೆ, ನನಗೆ ಮಾತ್ರ ತಿಳಿದಿಲ್ಲ ಅನ್ನಿಸಿತು.

ಆಗ ಒಂದು ಮುದುಕಿ ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. "ಅಮ್ಮನೇ ಗುಳಿಗಿ ನುಂಗಿದಳು, ನೋಡಿದಿ?"

ಆ ಮಾತು ಮಾತ್ರ ನಿಂತಿತು. ನಾನು ಮತ್ತೆ ಅಲ್ಲ ಅನ್ನಲಿಲ್ಲ. "ಲಕ್ಷ್ಮೀ, ಏಳು. ನಂಜೋಡಿ ದವಾಖಾನಿಗಿ ಬಾ" ಅಂದೆ.

ಲಕ್ಷ್ಮಿ ಅತ್ತೆಯ ಕಡೆ ನೋಡಿದಳು. ಯಂಕಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು, ಎಷ್ಟು ಹೊತ್ತೋ. ಕೊನೆಗೆ ಸೊಸೆಯ ಕಂಕುಳಿಗೆ ಕೈಕೊಟ್ಟು ತಾನೇ ಎಬ್ಬಿಸಿದಳು.

ಸಿಂಧನೂರಿನ ದವಾಖಾನೆಯಲ್ಲಿ ಡಾಕ್ಟರು ಲಕ್ಷ್ಮಿಯ ಎದೆಯ ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು, ಇನ್ನಷ್ಟು ದಿನ ಬಿಟ್ಟು ತಂದಿದ್ದರೆ ನನಗೇನೂ ಕೆಲಸ ಇರುತ್ತಿರಲಿಲ್ಲ ಅಂದರು. ಅವಳನ್ನು ಅಡ್ಮಿಟ್ ಮಾಡಿಕೊಂಡರು. ಯಂಕಮ್ಮ ಹೊರಗಿನ ಬೆಂಚಿನಲ್ಲಿ ಮೊಣಕಾಲು ಹಿಡಿದು ಕೂತಿದ್ದಳು. ಅವಳ ಪಕ್ಕ ಜಾಗವಿತ್ತು, ನಾನು ನಿಂತೇ ಇದ್ದೆ. ಹಸಿರು ಸೀರೆ ಬಿಚ್ಚಿ ಗುಡಿಯಲ್ಲೇ ಇಟ್ಟು ನನ್ನ ಹಳೆಯದನ್ನು ಉಟ್ಟು ಬಂದಿದ್ದೆ. ಬಸ್ ಸ್ಟ್ಯಾಂಡ್ ಅಲ್ಲಿಂದ ದೂರವೇನಿರಲಿಲ್ಲ.

"ನೀ ಎಲ್ಲಿಗೆ ಹೊಂಟಿ?" ಅಂದಳು ಯಂಕಮ್ಮ.

"ಎಲ್ಲಿಗರೆ ಹೋಗ್ತೀನಿ."

"ಕಾಲುವಿ ಮಗ್ಗಲ ನಮ್ಮದೊಂದು ಮೋಟಾರ್ ಮನಿ ಐತಿ. ಲಕ್ಷ್ಮಿನ್ನ ಮಕ್ಕಳಿಂದ ದೂರ ಇಡು ಅಂದಾರಲ್ಲ. ಆಕಿ ಜೋಡಿ ನೀನೂ ಇರು. ಒಬ್ಬರಿಗೊಬ್ಬರು ಗುಳಿಗಿ ನೆನಪು ಮಾಡಿಕೊಳ್ರಿ."

ಪಂಪ್‌ಸೆಟ್ಟಿಗೆಂದು ಕಟ್ಟಿದ ಆ ಮೋಟಾರ್ ಮನೆಯಲ್ಲಿ ನಾವಿಬ್ಬರು ಬದುಕಿಕೊಂಡೆವು. ನಾಗರತ್ನ ಅದನ್ನೇ ನನ್ನ ವಿಳಾಸ ಅಂತ ಹಚ್ಚಿದಳು. ಯಂಕಮ್ಮನ ಮೋಟಾರ್ ಮನೆ, ಕಾಲುವೆ ದಂಡೆ. ನಾನು ಹತ್ತಿರ ಸುಳಿದ ಕೂಸುಗಳನ್ನೆಲ್ಲ ನಾಗರತ್ನ ಪರೀಕ್ಷೆ ಮಾಡಿಸಿದಳು, ಆ ಸುದ್ದಿ ಬರುವವರೆಗೆ ನನಗೆ ನಿದ್ದೆ ಹತ್ತಲಿಲ್ಲ. ಯಾರಿಗೂ ಇರಲಿಲ್ಲ. ಗುಳಿಗೆ ನುಂಗಿದರೆ ವಾಂತಿ ಬರುತ್ತಿತ್ತು, ಕೀಲು ಹಿಡಿಯುತ್ತಿದ್ದವು. ಒಬ್ಬಳು ಸಾಕು ಅಂದರೆ ಇನ್ನೊಬ್ಬಳು ಬೈದು ನುಂಗಿಸಬೇಕು. ಲಕ್ಷ್ಮಿಗೆ ಚಲೋ ಬೈಗುಳ ಬರುತ್ತಿದ್ದವು. ಮಂಗಳವಾರ ದಾರಿಯ ತುದಿಯಲ್ಲಿ ಯಾರೋ ತೆಂಗಿನಕಾಯಿ, ಬೇವು ಇಟ್ಟು ಹೋಗಿರುತ್ತಿದ್ದರು. ಯಾರೆಂದು ಎಂದೂ ಕಾಣಲಿಲ್ಲ. ಕಾಯಿ ಒಡೆದು ಚಟ್ನಿ ಮಾಡಿಕೊಂಡೆವು, ಹಸಿವಾದವರಿಗೆ ಹೆದರಿಕೆ ಎಷ್ಟು ದಿನ ಇರುತ್ತದೆ.

ಒಂದು ದಿನ ಜೋಳದ ಹಿಟ್ಟು ಕೊಡಲು ಬಂದ ಯಂಕಮ್ಮ ತಾನಾಗಿ ಹೇಳಿದಳು. "ಅವತ್ತ ನಿನ್ನ ಕಾಲಾಗ ಗದ್ದಿ ರಾಡಿ ಇತ್ತು. ಕೂಲಿಯಾಕಿ ಅಂತ ನನಗ ಗೊತ್ತಾತು. ಗಂಡಸರು ಕೋಲು ಹಿಡಿದಿದ್ರು. ಅದಕ್ಕ ಒರಿಸಿದೆ."

ಭಕ್ತಿಗೆ ಅಂದುಕೊಂಡಿದ್ದೆ ನಾನು. "ಗೊತ್ತಿದ್ದೂ ಲಕ್ಷ್ಮಿನ್ನ ಯಾಕ ತಡದಿ ಬೇ?" ಅಂದೆ.

"ಕೆಂಪು ಕಣ್ಣೀರು ನೋಡಿದ ಮ್ಯಾಲ, ಗೊತ್ತಿದ್ದದ್ದು ಹೋತು" ಅಂದಳು ಯಂಕಮ್ಮ. "ನಾನ ಮಾಡಿದ ದೇವರಿಗೆ ನಾನ ಹೆದರಿದೆ."

ಈಗ ನನಗೆ ವಾಸಿಯಾಗಿದೆ, ಸಿಂಧನೂರಿನಲ್ಲಿ ಮತ್ತೆ ರೊಟ್ಟಿ ಬಡಿಯುತ್ತಿದ್ದೇನೆ. ಲಕ್ಷ್ಮಿಯ ಎದೆ ಪೂರ್ತಿ ಮೊದಲಿನಂತಾಗಿಲ್ಲ, ಮೆಟ್ಟಿಲು ಹತ್ತಿದರೆ ಏದುತ್ತಾಳೆ, ಆದರೆ ಇದ್ದಾಳೆ. ಅವಳನ್ನು ನೋಡಲು ಆಗಾಗ ಹೋಗುತ್ತೇನೆ. ಹೋದ ಮಂಗಳವಾರ ವಾಪಸು ಬರುವಾಗ ಬಸ್ಸಿಗೆ ಹೊತ್ತಿತ್ತು, ಗುಡಿಯ ಕಟ್ಟೆಯ ಮೇಲೆ ಕೂತಿದ್ದೆ. ಪೂಜಾರಿ ನನ್ನನ್ನು ದಾಟಿಕೊಂಡು ಒಳಗೆ ಹೋದ, ಗುರುತು ಸಿಗಲಿಲ್ಲ.

ಕುರಿ ಹಿಂಡಿನ ಜೊತೆ ಊರೂರು ತಿರುಗುವ ಒಬ್ಬ ಹೆಂಗಸು ಬಂದಳು. ಕಾಲುವೆಯಾಚೆ ಕೊಯ್ದ ಹೊಲದಲ್ಲಿ ಅವರ ಹಟ್ಟಿ ಬಿದ್ದಿತ್ತು. ಎಂಟು ದಿನಕ್ಕೆ ಒಂದೂರು, ಇಂಥ ಕಡೆ ಇರುತ್ತೇವೆ ಎಂದು ಹೇಳಲಾರದ ಜನ. ಕಟ್ಟೆ ಹತ್ತುವಾಗ ಅವಳು ಕೆಮ್ಮಿದಳು. ಆ ಕೆಮ್ಮು ಎಂಥದು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಒಳಗೆ ಇಣುಕಿ ನೋಡಿ, ಖಾಲಿ ಕೋಣೆ ನೋಡಿ, ನನ್ನ ಹತ್ತಿರ ಬಂದು ನಿಂತಳು.

"ಯಕ್ಕಾ, ಇಲ್ಲಿ ಅಮ್ಮ ಕಣ್ಣಿಗೆ ಕಾಣ್ತಾಳ ಅಂದ್ರು. ಎಲ್ಲಿ ಅದಾಳ?"

ಅಮ್ಮ ಇರಲೇ ಇಲ್ಲ ಎಂದು ಹೇಳಬಹುದಿತ್ತು. ಒಮ್ಮೆ ಹೇಳಿ ನೋಡಿದವಳು ನಾನು.

"ಇಲ್ಲಿಂದ ಹೋಗ್ಯಾಳ" ಅಂದೆ.

"ಎಲ್ಲಿಗೆ?"

"ಸಿಂಧನೂರು ದವಾಖಾನಿಗೆ. ಬಾ, ತೋರಸ್ತೀನಿ."

ಅವಳು ಕಟ್ಟೆಯ ಕೆಳಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟದೆ ಕೈಯಲ್ಲಿ ಹಿಡಿದು, ನನ್ನ ಹಿಂದೆ ಬಸ್ಸಿನ ಕಡೆ ನಡೆದು ಬಂದಳು.